ಬೆರ್ತಾ ಎಂಬ ಹೆಸರಿನ ಕಥೆ

ಮಗುವಿಗೆ ಹೆಸರಿಡುವಾಗ ತಾಯಿತಂದೆಗಳು ಹಾರೈಸುವುದು ಒಂದು. ಲೋಕ ಆ ಹೆಸರಿಗೆ ಅಂಟಿಸುವ ಅರ್ಥ ಮತ್ತೊಂದು. ಜರ್ಮನ್ ನಾಡಿನ ‘ಬೆರ್ತಾ’ ಎಂಬ ಹೆಣ್ಣು ಹೆಸರಿಗೆ ಒದಗಿದ ಗತಿ ಇದಕ್ಕೆ ಒಳ್ಳೆಯ ನಿದರ್ಶನ. ಸಾವಿರ ವರ್ಷಗಳಿಗೂ ಮಿಕ್ಕಿ ರಾಣಿಯರಿಗೂ ರೈತರ ಹೆಂಡಿರಿಗೂ ಸಮಾನವಾಗಿ ಸಲ್ಲುತ್ತಿದ್ದ ಈ ಎರಡಕ್ಷರದ ಹೆಸರನ್ನು ಕೇಳಿದರೆ ಯೂರೋಪಿನ ಬಹುಮಂದಿಗೆ ಮೊದಲು ನೆನಪಾಗುವುದು ಯಾವ ಹೆಂಗಸೂ ಅಲ್ಲ, ಒಂದು ಫಿರಂಗಿ.

ಹೆಸರಿನ ಮೂಲವನ್ನು ಶೋಧಿಸಿದರೆ ಅಲ್ಲಿ ಮದ್ದುಗುಂಡಿನ ವಾಸನೆಯೇ ಇಲ್ಲ. ಪ್ರಾಚೀನ ಜರ್ಮನ್ ಭಾಷೆಯಲ್ಲಿ ‘ಬೆರಾಹ್ಟ್’ ಎಂದರೆ ಹೊಳೆಯುವ, ಪ್ರಕಾಶಮಾನವಾದ ಎಂದರ್ಥ. ಇಂಗ್ಲಿಷಿನ ‘ಬ್ರೈಟ್’ ಇದರ ಸೋದರ ಶಬ್ದ. ಭಾಷಾಶಾಸ್ತ್ರಜ್ಞರು ಇನ್ನೂ ಹಿಂದಕ್ಕೆ ಹೋಗಿ, ಸಂಸ್ಕೃತದ ‘ಭ್ರಾಜ್’ ಧಾತುವಿಗೂ ಇದಕ್ಕೂ ಒಂದೇ ಬೇರೆಂದು ತೋರಿಸಿಕೊಟ್ಟಿದ್ದಾರೆ. ಹಳಗನ್ನಡ ಕಾವ್ಯಗಳಲ್ಲಿ ‘ಭ್ರಾಜಿಸು’ ಎಂಬುದನ್ನು ಕಂಡವರಿಗೂ, ವಿಷ್ಣುಸಹಸ್ರನಾಮದಲ್ಲಿ ‘ಭ್ರಾಜಿಷ್ಣು’ ಎಂಬ ನಾಮವನ್ನು ದಿನವೂ ಪಠಿಸುವವರಿಗೂ ಬೆರ್ತಾ ಹೊರಗಿನವಳಲ್ಲ, ಬಹುದೂರದ ದಾಯಾದಿ. ಬಿಳಿ ತೊಗಟೆಯಿಂದ ಮಿನುಗುವ ಭೂರ್ಜವೃಕ್ಷದ ಹೆಸರೂ ಇದೇ ಬೇರಿನಿಂದ ಚಿಗುರಿತೆನ್ನುತ್ತಾರೆ. ಸಂಸ್ಕೃತದ ‘ಭೂರ್ಜ’ವೇ ಜರ್ಮನ್ ಭಾಷೆಯಲ್ಲಿ ‘ಬಿರ್ಕೆ’.

ಆಲ್ಪ್ಸ್ ಪರ್ವತದ ಹಳ್ಳಿಗಳಲ್ಲಿ ಪೆರ್ಖ್ತಾ ಎಂಬ ದೇವತೆಯೊಬ್ಬಳ ಕಥೆ ಇದೆ. ಕ್ರಿಸ್ಮಸ್ಸಿನ ಅನಂತರದ ಚಳಿಯ ರಾತ್ರಿಗಳಲ್ಲಿ ಅವಳು ಮನೆಮನೆಗೂ ಬಂದು, ಹೆಣ್ಣುಮಕ್ಕಳು ನೂಲು ತೆಗೆಯದೆ ಉಳಿಸಿದ್ದಾರೆಯೇ ಎಂದು ಪರೀಕ್ಷಿಸುವಳಂತೆ. ಬೆರ್ತಾ ಎಂಬ ಹೆಸರಿಗೂ ಇವಳಿಗೂ ನಂಟಿದೆಯೆಂದು ಹಲವು ವಿದ್ವಾಂಸರ ಮತ. ‘ಬೆರ್ತಾ ನೂಲುತ್ತಿದ್ದ ಕಾಲ ಮುಗಿಯಿತು’ ಎಂಬುದು ಜರ್ಮನರಲ್ಲಿಯೂ ಇಟಲಿಯವರಲ್ಲಿಯೂ ಗಾದೆಮಾತು. ಹಳೆಯ ಒಳ್ಳೆಯ ದಿನಗಳು ಕಳೆದುಹೋದವೆಂದು ನಿಟ್ಟುಸಿರಿಡುವಾಗ ಅವರು ಈ ಮಾತನ್ನು ಆಡುತ್ತಾರೆ.

ಚರಿತ್ರೆಯ ಬೆರ್ತಾಗಳಲ್ಲಿ ಚಕ್ರವರ್ತಿ ಶಾರ್ಲಮೇನನ ತಾಯಿಯೂ ಒಬ್ಬಳು. ಆಕೆಯ ಪೂರ್ಣ ನಾಮ ಬೆರ್ತ್ರಾದಾ. ಕಾಲು ದೊಡ್ಡದಾಗಿತ್ತೆಂಬ ಕಾರಣಕ್ಕೆ ಫ್ರೆಂಚ್ ಕಥೆಗಾರರು ಆಕೆಯನ್ನು ‘ದೊಡ್ಡ ಪಾದದ ಬೆರ್ತಾ’ ಎಂದು ಕರೆದರು. ಆದರೆ ಮರುಕ ಹುಟ್ಟಿಸುವ ಕಥೆ ಸವಾಯ್ ಮನೆತನದ ಬೆರ್ತಾಳದು. ಜರ್ಮನ್ ದೊರೆ ನಾಲ್ಕನೆಯ ಹೆನ್ರಿಗೆ ಬಾಲ್ಯದಲ್ಲಿಯೇ ಈಕೆಯೊಡನೆ ವಿವಾಹ ನಿಶ್ಚಯವಾಗಿತ್ತು; ೧೦೬೬ರಲ್ಲಿ ಮದುವೆಯೂ ಆಯಿತು. ಮೂರೇ ವರ್ಷಗಳಲ್ಲಿ ದೊರೆ ಹೆಂಡತಿಯನ್ನು ಬಿಡಲು ಅನುಮತಿ ಬೇಡಿದ. ಆಕೆಯಲ್ಲಿ ಯಾವ ದೋಷವೂ ಇಲ್ಲ, ತನಗೆ ಸೇರದು, ಅಷ್ಟೆ ಎಂಬುದು ಅವನ ವಾದ! ಪೋಪರ ಪ್ರತಿನಿಧಿ ಒಪ್ಪಲಿಲ್ಲ. ಕಾಲಚಕ್ರ ಉರುಳಿತು. ೧೦೭೬ರಲ್ಲಿ ಪೋಪ್ ಏಳನೆಯ ಗ್ರೆಗರಿ ದೊರೆಗೆ ಬಹಿಷ್ಕಾರ ಹಾಕಿದಾಗ ಸಾಮಂತರೆಲ್ಲ ಅವನಿಂದ ದೂರ ಸರಿದರು. ಕ್ಷಮೆ ಯಾಚಿಸಲು ಹೆನ್ರಿ ೧೦೭೭ರ ಜನವರಿಯ ಘೋರ ಚಳಿಯಲ್ಲಿ ಆಲ್ಪ್ಸ್ ದಾಟಿ ಕನೋಸ್ಸಾಕ್ಕೆ ಹೊರಟಾಗ, ಪುಟ್ಟ ಮಗನನ್ನು ಕರೆದುಕೊಂಡು ಜೊತೆಗೆ ನಡೆದವಳು ಇದೇ ಬೆರ್ತಾ. ಮಂಜುಗಟ್ಟಿದ ಇಳಿಜಾರಿನಲ್ಲಿ ಕಾಲೂರಲಾಗದೆ, ರಾಣಿಯನ್ನೂ ಸಖಿಯರನ್ನೂ ಎತ್ತಿನ ಚರ್ಮಗಳ ಮೇಲೆ ಕೂರಿಸಿ ಕೆಳಗೆ ಎಳೆದೊಯ್ದರೆಂದು ಆ ಕಾಲದ ಬಖೈರುಕಾರನೊಬ್ಬ ಬರೆದಿಟ್ಟಿದ್ದಾನೆ. ಕನೋಸ್ಸಾದ ಕೋಟೆಬಾಗಿಲಲ್ಲಿ ದೊರೆ ಬರಿಗಾಲಲ್ಲಿ ನಿಂತದ್ದು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ. ಎತ್ತಿನ ಚರ್ಮದ ಸಂಗತಿ ಇರುವ ಪುಸ್ತಕಗಳು ಕಡಮೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೆಸರಿಗೆ ಹೊಸ ಜೀವ ಬಂದಿತು. ಜರ್ಮನ್ ಮಾತನಾಡುವ ನಾಡುಗಳಲ್ಲೆಲ್ಲ ಬೆರ್ತಾಗಳು ಹುಟ್ಟಿದರು. ಅವರಲ್ಲಿ ನಾಲ್ವರ ಬಾಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಮೊದಲನೆಯವಳು ೧೮೪೯ರಲ್ಲಿ ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ ಹುಟ್ಟಿದ ಬೆರ್ತಾ ರಿಂಗರ್. ಆಕೆ ಹುಟ್ಟಿದಾಗ ತಂದೆ ಮನೆಯ ಬೈಬಲ್ಲಿನಲ್ಲಿ ‘ಅಯ್ಯೋ, ಮತ್ತೆ ಹೆಣ್ಣೇ’ ಎಂಬರ್ಥದ ಟಿಪ್ಪಣಿ ಬರೆದಿಟ್ಟನೆಂದು ಪ್ರತೀತಿ. ಕಾರ್ಲ್ ಬೆಂಜ್ ಎಂಬ ಬಡ ಎಂಜಿನಿಯರನನ್ನು ಮೆಚ್ಚಿ, ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣವನ್ನು ಅವನ ಕಾರ್ಖಾನೆಗೆ ಸುರಿದಳು. ೧೮೮೬ರ ಜನವರಿ ೨೯ರಂದು ಬೆಂಜನ ಮೋಟಾರು ಬಂಡಿಯ ಪೇಟೆಂಟಿಗೆ ಅರ್ಜಿ ಸಲ್ಲಿಕೆಯಾಯಿತು. ಹೆಸರು ಗಂಡನದು ಮಾತ್ರ. ಬಂಡಿ ಸಿದ್ಧವಾಯಿತೇ ಹೊರತು ಕೊಳ್ಳುವವರಿಲ್ಲ. ಕುದುರೆಯಿಲ್ಲದ ಬಂಡಿಯಲ್ಲಿ ಜೀವ ಇಡುವವರಾರು? ಗಂಡನೋ ಸಂಕೋಚದ ಪ್ರಾಣಿ; ಇನ್ನೂ ತಿದ್ದಬೇಕು, ಇನ್ನೂ ತಿದ್ದಬೇಕು ಎನ್ನುತ್ತ ಕುಳಿತವನು.

೧೮೮೮ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ, ಗಂಡ ಮಲಗಿದ್ದಂತೆಯೇ, ಆಕೆ ೧೫ ವರ್ಷದ ಆಯ್ಗನ್ ಮತ್ತು ೧೩ ವರ್ಷದ ರಿಚರ್ಡ್ ಎಂಬ ಇಬ್ಬರು ಮಕ್ಕಳೊಡನೆ ಮೂರು ಚಕ್ರದ ಬಂಡಿಯನ್ನು ಹೊರಗೆ ತಳ್ಳಿ ತವರಿನ ದಾರಿ ಹಿಡಿದಳು. ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಅವರು ಸಾಗಿದ ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಅದುವರೆಗೆ ಮೋಟಾರು ಬಂಡಿಯಲ್ಲಿ ಯಾರೂ ಅಷ್ಟು ದೂರ ಹೋಗಿರಲಿಲ್ಲ. ದಾರಿಯಲ್ಲಿ ಇಂಧನ ಮುಗಿಯಿತು. ಪೆಟ್ರೋಲ್ ಬಂಕುಗಳೆಂಬುವು ಹುಟ್ಟದೆ ಇದ್ದ ಕಾಲ. ವೀಸ್‌ಲೋಖ್ ಊರಿನ ಔಷಧದ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಬಂಡಿಗೆ ಹುಯ್ದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಬಿಚ್ಚಿ ಸುತ್ತಿದಳು. ಮರದ ಬ್ರೇಕು ಸವೆದಾಗ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಏರು ಬಂದಲ್ಲಿ ಇಳಿದು ತಳ್ಳಿದರು. ಸಂಜೆ ತವರು ತಲುಪಿ ಗಂಡನಿಗೆ ತಂತಿ ಕೊಟ್ಟಳು. ಏರು ಹತ್ತಲು ಮತ್ತೊಂದು ಗೇರು ಬೇಕೆಂಬುದನ್ನು ಆ ಪ್ರಯಾಣವೇ ಕಾರ್ಲ್ ಬೆಂಜನಿಗೆ ಕಲಿಸಿತು. ತವರಿಗೆ ಹೋಗಿಬರುವ ನೆಪದಲ್ಲಿ ಒಂದು ಉದ್ಯಮವನ್ನೇ ನಡೆಯಿಸಿ ತೋರಿದ ಗೃಹಿಣಿಯನ್ನು ಲೋಕ ಬಹುಕಾಲ ‘ಬೆಂಜರ ಪತ್ನಿ’ ಎಂದಷ್ಟೇ ಬಲ್ಲದಾಗಿತ್ತು. ೧೯೪೪ರ ಮೇ ೩ರಂದು, ೯೫ನೆಯ ಹುಟ್ಟುಹಬ್ಬದ ದಿನ, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಪೀಠ ಆಕೆಗೆ ಗೌರವ ಪದವಿಯೊಂದನ್ನು ನೀಡಿತು. ಎರಡು ದಿನಗಳಲ್ಲಿ ಆಕೆ ತೀರಿಕೊಂಡಳು.

ಎರಡನೆಯ ಬೆರ್ತಾಳ ಪಾಲಿಗೆ ಹೆಸರೇ ಇಲ್ಲವಾಯಿತು. ವಿಯೆನ್ನಾದ ಶ್ರೀಮಂತ ಯೆಹೂದಿ ಮನೆತನದಲ್ಲಿ ೧೮೫೯ರಲ್ಲಿ ಹುಟ್ಟಿದ ಬೆರ್ತಾ ಪಾಪೆನ್‌ಹೈಮ್, ತಂದೆಯ ಶುಶ್ರೂಷೆ ಮಾಡುತ್ತ ವಿಚಿತ್ರವಾದ ಮನೋವ್ಯಾಧಿಗೆ ತುತ್ತಾದಳು. ಕೈಕಾಲುಗಳಲ್ಲಿ ಸ್ವಾಧೀನ ತಪ್ಪಿತು. ಮಾತೃಭಾಷೆಯಾದ ಜರ್ಮನ್ ಮರೆತುಹೋಗಿ ಇಂಗ್ಲಿಷ್ ಮಾತ್ರ ಉಳಿಯಿತು. ವೈದ್ಯ ಬ್ರಾಯರ್ ದಿನವೂ ಬಂದು ಆಕೆಯ ಮಾತುಗಳನ್ನು ಕೇಳುತ್ತ ಕೂರುತ್ತಿದ್ದ. ಹೇಳಿಕೊಂಡಂತೆ ಮನಸ್ಸು ಹಗುರಾಗುತ್ತಿತ್ತು. ‘ಮಾತಿನ ಚಿಕಿತ್ಸೆ’ ಎಂಬ ಹೆಸರನ್ನು ಕೊಟ್ಟವಳು ರೋಗಿಯೇ. ಬ್ರಾಯರ್ ಮತ್ತು ಫ್ರಾಯ್ಡ್ ೧೮೯೫ರಲ್ಲಿ ಆಕೆಯ ವೃತ್ತಾಂತವನ್ನು ಪ್ರಕಟಿಸಿದಾಗ ಗುರುತು ಮರೆಸಲು ರೋಮನ್ ಅಕ್ಷರಮಾಲೆಯಲ್ಲಿ ಒಂದೊಂದು ಅಕ್ಷರ ಹಿಂದಕ್ಕೆ ಸರಿದರು: ‘ಬಿ’ ಹೋಗಿ ‘ಎ’, ‘ಪಿ’ ಹೋಗಿ ‘ಓ’. ಬೆರ್ತಾ ಪಾಪೆನ್‌ಹೈಮ್ ‘ಆನ್ನಾ ಓ’ ಆದಳು. ಮನಶ್ಶಾಸ್ತ್ರದ ಅತ್ಯಂತ ಪ್ರಸಿದ್ಧ ರೋಗಿ ಇವಳೇ ಎಂಬುದು ೧೯೫೩ರವರೆಗೆ ಲೋಕಕ್ಕೆ ತಿಳಿಯಲಿಲ್ಲ.

ಅಷ್ಟರಲ್ಲಿ ಆಕೆ ರೋಗಿಯಾಗಿ ಉಳಿದಿರಲೂ ಇಲ್ಲ. ಫ್ರಾಂಕ್‌ಫರ್ಟಿನಲ್ಲಿ ಅನಾಥಾಲಯವನ್ನು ನಡೆಸಿದಳು. ೧೯೦೪ರಲ್ಲಿ ಯೆಹೂದಿ ಮಹಿಳೆಯರ ಸಂಘವನ್ನು ಸ್ಥಾಪಿಸಿದಳು. ಹೆಣ್ಣುಮಕ್ಕಳನ್ನು ಕದ್ದು ಮಾರುವ ಜಾಲದ ವಿರುದ್ಧ ಪೂರ್ವ ಯೂರೋಪಿನ ಊರೂರು ಅಲೆದಳು. ೧೯೦೭ರಲ್ಲಿ ನಾಯ್-ಇಸೆನ್‌ಬರ್ಗಿನಲ್ಲಿ ದಿಕ್ಕಿಲ್ಲದ ತರುಣಿಯರಿಗೂ ಅವರ ಕೂಸುಗಳಿಗೂ ಆಶ್ರಯಧಾಮ ತೆರೆದಳು. ೧೯೩೬ರಲ್ಲಿ, ಸಾವಿನ ಹೊಸ್ತಿಲಲ್ಲಿದ್ದಾಗಲೂ, ನಾಜಿ ಪೋಲೀಸರು ಆಕೆಯನ್ನು ವಿಚಾರಣೆಗೆ ಕರೆದರು. ಎರಡು ವರ್ಷಗಳ ಮೇಲೆ ಆ ಧಾಮಕ್ಕೆ ಬೆಂಕಿ ಬಿದ್ದಿತು. ೧೯೪೨ರಲ್ಲಿ ಅಳಿದುಳಿದವರನ್ನೂ ಸಾಗಿಸಿದರು.

ಇನ್ನುಳಿದ ಇಬ್ಬರು ಬೆರ್ತಾಗಳನ್ನು ಬೇರೆಬೇರೆಯಾಗಿ ಹೇಳುವಂತಿಲ್ಲ.

ಬೆರ್ತಾ ಫಾನ್ ಸುಟ್ನರ್ ೧೮೪೩ರಲ್ಲಿ ಪ್ರಾಗ್ ನಗರದಲ್ಲಿ ಕಿನ್‌ಸ್ಕಿ ಎಂಬ ಶ್ರೀಮಂತ ವಂಶದಲ್ಲಿ ಹುಟ್ಟಿದವಳು. ತಂದೆ ಸೇನಾನಿ, ಮಗಳು ಹುಟ್ಟುವ ಮೊದಲೇ ತೀರಿಕೊಂಡಿದ್ದ. ತಾಯಿಯ ಜೂಜಿನಲ್ಲಿ ಆಸ್ತಿ ಕರಗಿತು. ಮೂವತ್ತರ ವಯಸ್ಸಿನಲ್ಲಿ ಸುಟ್ನರ್ ಮನೆಯ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಸೇರಿ, ತನಗಿಂತ ಏಳು ವರ್ಷ ಕಿರಿಯನಾದ ಆ ಮನೆಯ ಮಗ ಆರ್ಥರನನ್ನು ಪ್ರೀತಿಸಿದಳು. ಮನೆಯವರು ಸುಮ್ಮನಿರುವರೇ? ೧೮೭೬ರಲ್ಲಿ ಪ್ಯಾರಿಸಿನಿಂದ ಬಂದ ಜಾಹೀರಾತೊಂದನ್ನು ಮುಂದಿಟ್ಟು ಆಕೆಯನ್ನು ಸಾಗಹಾಕಿದರು. ಕಾರ್ಯದರ್ಶಿಯೊಬ್ಬಳನ್ನು ಬಯಸಿದ್ದ ಆ ‘ವಯಸ್ಸಾದ’ ಗೃಹಸ್ಥನಿಗೆ ಆಗ ನಲವತ್ತೆರಡೇ ವರ್ಷ. ಹೆಸರು ಆಲ್ಫ್ರೆಡ್ ನೊಬೆಲ್, ಡೈನಮೈಟಿನ ಜನಕ. ಸುಮಾರು ಒಂದು ವಾರವಿದ್ದು, ಅಗಲಿಕೆ ತಾಳಲಾರದೆ, ಒಡವೆ ಮಾರಿ ಹಿಂದಿರುಗಿ, ಗುಟ್ಟಾಗಿ ಆರ್ಥರನನ್ನು ಮದುವೆಯಾಗಿ ಕಾಕಸಸ್ ಸೀಮೆಗೆ ಹೊರಟುಹೋದಳು. ನೊಬೆಲನೊಡನೆ ಸ್ನೇಹ ಮಾತ್ರ ಕಾಗದಗಳಲ್ಲಿ ಕೊನೆಯವರೆಗೂ ಮುಂದುವರಿಯಿತು.

೧೮೮೯ರಲ್ಲಿ ಹೊರಬಂದ ಆಕೆಯ ಕಾದಂಬರಿಯ ಶೀರ್ಷಿಕೆ ‘ಶಸ್ತ್ರಗಳನ್ನು ಕೆಳಗಿಡಿ’. ಯುದ್ಧಗಳಲ್ಲಿ ನೊಂದು ಬೆಂದ ಹೆಣ್ಣೊಬ್ಬಳ ಆತ್ಮಕಥೆಯ ರೂಪದ ಆ ಕೃತಿ ಹಲವು ಭಾಷೆಗಳಿಗೆ ಹಬ್ಬಿತು. ಟಾಲ್‌ಸ್ಟಾಯ್ ಪತ್ರ ಬರೆದು ಮೆಚ್ಚಿದ. ೧೯೦೫ರಲ್ಲಿ, ಹಳೆಯ ಸ್ನೇಹಿತನ ಉಯಿಲಿನಿಂದ ಹುಟ್ಟಿದ ಶಾಂತಿ ಪಾರಿತೋಷಕ ಆಕೆಗೆ ಸಂದಿತು. ಆ ಪಾರಿತೋಷಕ ಪಡೆದ ಪ್ರಥಮ ಮಹಿಳೆ ಆಕೆ. ಪತ್ರಿಕೆಗಳ ವ್ಯಂಗ್ಯಚಿತ್ರಕಾರರಿಗೆ ಮಾತ್ರ ಆಕೆ ನಗೆಯ ವಸ್ತು: ‘ಶಾಂತಿ ಬೆರ್ತಾ’ ಎಂದು ಅಡ್ಡಹೆಸರಿಟ್ಟರು. ೧೯೧೨ರಲ್ಲಿ ಆಕೆ, ವಿಮಾನಗಳಿಂದ ಬಾಂಬು ಸುರಿಯುವ ಅನಾಗರಿಕತೆ ಬರಲಿದೆಯೆಂದು ಎಚ್ಚರಿಸಿ ಪುಸ್ತಿಕೆ ಬರೆದಾಗಲೂ ಕೇಳಿದವರು ಕೆಲವರೇ. ೧೯೧೪ರ ಜೂನ್ ೨೧ರಂದು ವಿಯೆನ್ನಾದಲ್ಲಿ ಕಣ್ಮುಚ್ಚಿದಳು. ಏಳನೆಯ ದಿನ ಸಾರಾಯೇವೊದಲ್ಲಿ ಗುಂಡು ಹಾರಿತು.

ಎಸ್ಸೆನ್ ನಗರದ ಬೆರ್ತಾ ಕ್ರುಪ್‌ಗೆ ಆಗ ೨೮ ವರ್ಷ. ತಂದೆ ೧೯೦೨ರಲ್ಲಿ ತೀರಿಕೊಂಡಾಗ ಹದಿನಾರನೆಯ ವಯಸ್ಸಿಗೇ ಜರ್ಮನಿಯ ಅತಿ ದೊಡ್ಡ ಉಕ್ಕಿನ ಮತ್ತು ಫಿರಂಗಿಯ ಕಾರ್ಖಾನೆಗೆ ಒಡತಿಯಾದವಳು. ೧೯೦೬ರಲ್ಲಿ ಆಕೆಯ ಮದುವೆಗೆ ಕೈಸರನೇ ಬಂದು, ಅಳಿಯನಿಗೆ ಕ್ರುಪ್ ಎಂಬ ಹೆಸರನ್ನು ಧರಿಸಲು ಅಪ್ಪಣೆ ಕೊಟ್ಟ. ಕಾರ್ಖಾನೆ ಗುಟ್ಟಾಗಿ ಸಿದ್ಧಪಡಿಸಿದ್ದ ೪೨ ಸೆಂಟಿಮೀಟರ್ ಬಾಯಿಯ ಫಿರಂಗಿಗೆ ಸರ್ಕಾರಿ ಕಾಗದಗಳಲ್ಲಿ ಬೇರೆ ಹೆಸರಿತ್ತು. ಜನರ ಬಾಯಲ್ಲಿ ಅದು ‘ದಢೂತಿ ಬೆರ್ತಾ’ ಆಯಿತು. ಒಂದೊಂದು ಗುಂಡಿನ ತೂಕ ಸುಮಾರು ೮೦೦ ಕಿಲೋಗ್ರಾಮ್. ‘ಶಾಂತಿ ಬೆರ್ತಾ’ ಸತ್ತು ಎರಡು ತಿಂಗಳೂ ತುಂಬದೆ, ೧೯೧೪ರ ಆಗಸ್ಟ್ ೧೨ರಂದು, ‘ದಢೂತಿ ಬೆರ್ತಾ’ ಬೆಲ್ಜಿಯಮ್ಮಿನ ಲೀಜ್ ನಗರದ ಕೋಟೆಗಳ ಮೇಲೆ ಬಾಯಿ ತೆರೆಯಿತು. ೧೫ರಂದು ಲೋನ್ಸೆನ್ ಕೋಟೆಯ ಮದ್ದಿನ ಮನೆಗೆ ಗುಂಡು ಹೊಕ್ಕು, ಸುಮಾರು ೩೫೦ ಸೈನಿಕರು ಒಂದೇ ಸ್ಫೋಟದಲ್ಲಿ ಮಡಿದರು. ಅನೇಕರ ದೇಹಗಳನ್ನು ಆ ಅವಶೇಷಗಳಿಂದ ಹೊರತೆಗೆಯಲೂ ಆಗಲಿಲ್ಲ.

ಆ ಮೇಲೆ ದೂರದಿಂದ ಬಂದ ಗುಂಡುಗಳೆಲ್ಲ ಶತ್ರುಗಳ ಪಾಲಿಗೆ ಬೆರ್ತಾಳವೇ ಆದುವು. ೧೯೧೮ರಲ್ಲಿ ಸುಮಾರು ೧೨೦ ಕಿಲೋಮೀಟರ್ ದೂರದಿಂದ ಪ್ಯಾರಿಸಿಗೆ ಗುಂಡಿಟ್ಟ ಫಿರಂಗಿ ಕ್ರುಪ್ ಕಾರ್ಖಾನೆಯದೇ ಆದರೂ ಬೇರೆಯದು. ಪ್ಯಾರಿಸಿನವರು ಅದನ್ನೂ ಬೆರ್ತಾ ಎಂದೇ ಕರೆದರು. ಶುಭಶುಕ್ರವಾರದ ದಿನ ಸೇಂಟ್ ಝೆರ್ವೇ ಇಗರ್ಜಿಯ ಛಾವಣಿ ಕುಸಿದು ಪ್ರಾರ್ಥನೆಯಲ್ಲಿದ್ದ ೮೦ಕ್ಕೂ ಹೆಚ್ಚು ಜನ ಸತ್ತರು. ಅಂದು ಮಾರ್ಚ್ ೨೯, ಬೆರ್ತಾ ಕ್ರುಪ್‌ಳ ೩೨ನೆಯ ಹುಟ್ಟುಹಬ್ಬ.

ಫಿರಂಗಿಯ ಆಕಾರಕ್ಕೂ ಹೆಸರಿಗೂ ಆ ಹೆಂಗಸೇ ಕಾರಣಳೆಂದು ಹೇಳುವುದು ನ್ಯಾಯವಲ್ಲ. ಆದರೂ ಆ ಫಿರಂಗಿಗಳ ಹಣ ಆಕೆಯದಾಗಿತ್ತು. ಅದನ್ನು ಮರೆತು ಬರಿಯ ಕನಿಕರ ತೋರುವುದೂ ನ್ಯಾಯವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರೆಸ್ಲೌ ಸಮೀಪ ಕ್ರುಪ್ ಕಂಪನಿ ಸೆರೆಯಾಳುಗಳನ್ನು ದುಡಿಸಿಕೊಂಡ ಕಾರ್ಖಾನೆಯ ಹೆಸರೂ ‘ಬೆರ್ತಾ ವರ್ಕ್’. ಆ ಗುಲಾಮಗಿರಿಗಾಗಿ ಆಕೆಯ ಹಿರಿಯ ಮಗ ಆಲ್ಫ್ರೀಡನಿಗೆ ೧೯೪೮ರಲ್ಲಿ ನ್ಯೂರೆಂಬರ್ಗಿನಲ್ಲಿ ಶಿಕ್ಷೆಯಾಯಿತು. ಆಕೆ ೧೯೫೭ರಲ್ಲಿ ಎಸ್ಸೆನ್ನಿನಲ್ಲಿಯೇ ತೀರಿಕೊಂಡಳು.

ಮೊದಲ ಮಹಾಯುದ್ಧದ ಮುಂದಿನ ದಶಕಗಳಲ್ಲಿ ಬೆರ್ತಾ ಎಂಬ ಹೆಸರಿಡುವವರು ಕಡಮೆಯಾಗುತ್ತ ಬಂದರು. ಹೆಸರುಗಳಿಗೂ ಸೀರೆಯ ಅಂಚಿನಂತೆ ಕಾಲಕಾಲದ ಒಲವು ಇರುತ್ತದೆ; ಎಲ್ಲ ಭಾರವನ್ನೂ ಫಿರಂಗಿಯ ಮೇಲೆ ಹೊರಿಸುವಂತಿಲ್ಲ. ಮರ್ಯಾದೆಯ ಕೆಲವು ಗುರುತುಗಳು ಉಳಿದವು. ಪಶ್ಚಿಮ ಜರ್ಮನಿ ೧೯೫೪ರಲ್ಲಿ ಪಾಪೆನ್‌ಹೈಮ್‌ಳ ಚಿತ್ರದ ಅಂಚೆಚೀಟಿ ತಂದಿತು. ಆಸ್ಟ್ರಿಯದ ಎರಡು ಯೂರೋ ನಾಣ್ಯದಲ್ಲಿ ಸುಟ್ನರ್ ಇದ್ದಾಳೆ. ಮಾನ್‌ಹೈಮಿನಿಂದ ಹೊರಟ ಹಾದಿಗೆ ೨೦೦೮ರಲ್ಲಿ ಬೆರ್ತಾ ಬೆಂಜಳ ಹೆಸರಾಯಿತು. ಇವುಗಳಿಗಿಂತ ಹೆಚ್ಚಾಗಿ ಆ ಹೆಸರನ್ನು ನಾಲಗೆಯ ಮೇಲೆ ಇಟ್ಟದ್ದು ಟೆಲಿಫೋನು. ಅಕ್ಷರಗಳನ್ನು ಬಿಡಿಸಿ ಹೇಳುವಾಗ ಜರ್ಮನರು ತಲೆಮಾರುಗಳಿಂದ ‘ಬಿ’ ಎಂದರೆ ‘ಬೆರ್ತಾ’ ಎನ್ನುತ್ತಿದ್ದರು. ೨೦೨೨ರಲ್ಲಿ ಆ ಪಟ್ಟಿಯನ್ನು ಪರಿಷ್ಕರಿಸಿ, ವ್ಯಕ್ತಿಗಳ ಹೆಸರುಗಳ ಬದಲು ಊರುಗಳ ಹೆಸರುಗಳನ್ನು ಸೇರಿಸಿದರು. ಈಗ ‘ಬಿ’ ಎಂದರೆ ಬರ್ಲಿನ್; ‘ಇ’ ಎಂದರೆ ಎಸ್ಸೆನ್.