ಕರುಳಿನ ಹೊಲಿಗೆಗೆ ಅಂಟಿನ ಆಸರೆ



ಮೊಳಕಾಲ್ಮೂರಿನ ಹಿರಿಯ ನೇಕಾರರೊಬ್ಬರು ಚಳ್ಳಕೆರೆಯ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಅವರ ತಮ್ಮನ ದೊಡ್ಡ ಕರುಳಿನ ಗಡ್ಡೆಗೆ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆ ನಿಶ್ಚಯವಾಗಿತ್ತು. "ಕರುಳು ಕತ್ತರಿಸಿ ಜೋಡಿಸಿದ ಮೇಲೆ ಅಗತ್ಯ ಬಿದ್ದರೆ ಅಂಟು ಹಚ್ಚುತ್ತಾರಂತೆ ಡಾಕ್ಟ್ರೇ. ಹೊಟ್ಟೆಯೊಳಗಿನ ತೇವದಲ್ಲಿ ಅಂಟು ನಿಂತೀತೇ?" ಎಂದು ಕೇಳಿದರು. ಹಾಸು ಮುಗಿದಾಗ ಹೊಸ ಎಳೆಗಳನ್ನು ಹಳೆಯವಕ್ಕೆ ಒಂದೊಂದಾಗಿ ಹೊಸೆದು ಸೇರಿಸುವ ಕಾಯಕದವರು. ಜೋಡಣೆಯ ಬಗ್ಗೆ ಅವರಿಗೆ ಸಂಶಯ ಬಂದುದು ಸಹಜವೇ.

ಕರುಳಿನ ಜೋಡಣೆ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ 14ನೆಯ ಅಧ್ಯಾಯದಲ್ಲಿ, ರಂಧ್ರವಾದ ಕರುಳಿನ ಅಂಚುಗಳನ್ನು ಕೂಡಿಸಿ ಕಪ್ಪು ಇರುವೆಗಳಿಂದ ಕಚ್ಚಿಸಿ, ತಲೆಗಳನ್ನು ಅಲ್ಲಿಯೇ ಬಿಟ್ಟು ದೇಹವನ್ನು ಕತ್ತರಿಸಬೇಕೆಂಬ ವಿಧಾನವಿದೆ. ಇದನ್ನೇ ಇಂದಿನ ಅಂಟಿನ ಮೂಲವೆಂದು ಸಾರುವ ಉತ್ಸಾಹ ನನಗಿಲ್ಲ. ಹೋಲಿಸಲೇಬೇಕೆಂದರೆ ಇರುವೆಯ ತಲೆ ಇಂದಿನ ಸ್ಟೇಪ್ಲರ್ ಪಿನ್ನಿಗೆ ಹತ್ತಿರ.

ಕರುಳಿನ ಭಿತ್ತಿಗೆ ನಾಲ್ಕು ಪದರಗಳಿವೆ. ಒಳಗಿನಿಂದ ಎರಡನೆಯ ಪದರವೇ ದಾರವನ್ನು ಹಿಡಿದು ನಿಲ್ಲಿಸುವಂಥದು. ಅಮೆರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು 1887ರಲ್ಲಿ ಇದನ್ನು ತೋರಿಸಿಕೊಟ್ಟರು. ಕುರಿ ಸಾಕಣೆಯ ನಮ್ಮ ಸೀಮೆಯವರಿಗೆ ಒಂದು ಮಾತು ಕುತೂಹಲ ತಂದೀತು: ಬಹುಕಾಲ ಬಳಕೆಯಲ್ಲಿದ್ದ, ದೇಹದಲ್ಲಿ ಕರಗುವ ಕ್ಯಾಟ್‌ಗಟ್ ದಾರವನ್ನು ಕುರಿಯ ಕರುಳಿನ ಇದೇ ಪದರದಿಂದ ತಯಾರಿಸುತ್ತಿದ್ದರು.

ಜೋಡಣೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮೊದಲ ಮೂರು ನಾಲ್ಕು ದಿನ ಅದು ದುರ್ಬಲ. ಗಾಯದ ಅಂಚಿನ ಹಳೆಯ ನಾರು ಕರಗುವ ವೇಗ, ಹೊಸ ನಾರು ಹುಟ್ಟುವ ವೇಗಕ್ಕಿಂತ ಆಗ ಹೆಚ್ಚು. ಆ ಅವಧಿಯಲ್ಲಿ ದಾರವೊಂದೇ ಆಧಾರ. ಜೋಡಣೆ ಬಿಟ್ಟುಕೊಂಡರೆ ಮಲ ಉದರಕ್ಕೆ ಸೋರಿ ನಂಜು ಏರುತ್ತದೆ, ಪ್ರಾಣಕ್ಕೇ ಸಂಚಕಾರವಾಗುತ್ತದೆ. ಗುದದ್ವಾರಕ್ಕೆ ಸಮೀಪವಾದ ಜೋಡಣೆಗಳಲ್ಲಿ ಈ ಭಯ ಅಧಿಕ. ಈ ಸೋರಿಕೆಯನ್ನು ತಡೆಯುವ ಆಸೆಯಿಂದಲೇ ಅಂಟಿನ ಪ್ರಯೋಗ ಆರಂಭವಾಯಿತು.

ಅಂಟುಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಫೈಬ್ರಿನ್. ಬೆರಳು ಕೊಯ್ದಾಗ ರಕ್ತ ಹೆಪ್ಪುಗಟ್ಟುವುದು ಫೈಬ್ರಿನೋಜನ್ ಮತ್ತು ಥ್ರಾಂಬಿನ್ ಎಂಬ ಅಂಶಗಳ ಕೂಟದಿಂದ. ಇವೆರಡನ್ನೂ ಬೇರೆ ಬೇರೆ ಸಿರಿಂಜಿನಲ್ಲಿಟ್ಟು, ಹೊಲಿಗೆಯ ಮೇಲೆ ಒಟ್ಟಿಗೆ ಸುರಿದರೆ ಕ್ಷಣಗಳಲ್ಲಿ ಹೆಪ್ಪಿನ ಪೊರೆ ಮೂಡುತ್ತದೆ, ಕೆಲವು ದಿನಗಳ ನಂತರ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ. ಎರಡನೆಯದು ಸೈನೊಅಕ್ರಿಲೇಟ್, ಅಂಗಡಿಯಲ್ಲಿ ಸಿಗುವ ಫೆವಿಕ್ವಿಕ್ ಬಳಗದ್ದು. ಆದರೆ ವೈದ್ಯಕೀಯಕ್ಕೆಂದೇ ಬೇರೆಯಾಗಿ ತಯಾರಿಸಿದ್ದು. ನೇಕಾರರ ಪ್ರಶ್ನೆಗೆ ಉತ್ತರ ಇಲ್ಲಿದೆ: ಇದು ತೇವ ತಗುಲಿದೊಡನೆಯೇ ಗಟ್ಟಿಯಾಗುತ್ತದೆ. ತೊಡಕಿರುವುದು ಬೇರೆಡೆ. ಕರುಳು ಸದಾ ಮಿಸುಕಾಡುವ ಅಂಗ. ಬಿರುಸಾದ ಅಂಟು ಅದರೊಂದಿಗೆ ಬಾಗದು, ಸುತ್ತಲ ಭಾಗದಲ್ಲಿ ಉರಿಯೂತವನ್ನೂ ತರಬಹುದು.

ಹಾಗಾದರೆ ಅಂಟು ಹೊಲಿಗೆಯ ಸ್ಥಾನವನ್ನು ತುಂಬಬಲ್ಲದೇ? ಇಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳ ಫಲಿತಾಂಶ ಒಂದಕ್ಕೊಂದು ಹೊಂದುವುದಿಲ್ಲ. ಅಂಟು ಹಚ್ಚಿದರೆ ಸೋರಿಕೆ ತಪ್ಪುತ್ತದೆಂದು ಮನುಷ್ಯರಲ್ಲಿಯೂ ನಿಸ್ಸಂಶಯವಾಗಿ ಸಿದ್ಧಪಟ್ಟಿಲ್ಲ. ಅಂಚಿಗೆ ರಕ್ತಸಂಚಾರವಿಲ್ಲದಿದ್ದರೆ, ಅಥವಾ ಎಳೆದು ಬಿಗಿದು ಜೋಡಿಸಿದ್ದರೆ, ಮೇಲೆ ಏನು ಲೇಪಿಸಿದರೂ ವ್ಯರ್ಥ. ಅಂಟು ಹೊಲಿಗೆಗೆ ಹೊದಿಕೆ ಮಾತ್ರ.

ಫೈಬ್ರಿನ್ ಅಂಟನ್ನು ಹೆಚ್ಚಾಗಿ ದಾನಿಗಳ ರಕ್ತರಸದಿಂದ ಪಡೆಯುತ್ತಾರೆ. ಕೆಲವು ತಯಾರಿಕೆಗಳಲ್ಲಿ ಗೋಜನ್ಯ ಅಂಶವೂ ಇರುತ್ತದೆ. ಈ ವಿಷಯ ಶಾಕಾಹಾರಿಗಳಾದ ಭಕ್ತರ ಮನಸ್ಸನ್ನು ಕಲಕಬಹುದು. ಸಮ್ಮತಿಪತ್ರಕ್ಕೆ ಸಹಿ ಹಾಕುವ ಮೊದಲೇ ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಅಂಟು ಬೇಡವೆಂದು ಹೇಳಬಹುದು. ಆ ಕಾರಣಕ್ಕೆ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಬಾರದು.

ಮನೆಯವರ ಕೈಯಲ್ಲಿರುವುದು ಅಂಟಿಗಿಂತ ದೊಡ್ಡದು. ಬೀಡಿ, ಸಿಗರೇಟುಗಳನ್ನು ಕನಿಷ್ಠ ನಾಲ್ಕು ವಾರ ಮುಂಚೆಯೇ ಬಿಡಿಸಿರಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ರಕ್ತಹೀನತೆಗೆ ಚಿಕಿತ್ಸೆಯಾಗಲಿ. ಶಸ್ತ್ರಚಿಕಿತ್ಸೆಯ ನಂತರ "ಮಲಬದ್ಧತೆ"ಯೆಂದು ಹರಳೆಣ್ಣೆಯನ್ನಾಗಲಿ ನಮ್ಮ ಚೂರ್ಣಗಳನ್ನಾಗಲಿ ಗುಟ್ಟಾಗಿ ಕುಡಿಸಬೇಡಿರಿ; ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಜ್ವರ, ನಾಡಿಯ ಓಟ, ಏರುತ್ತಿರುವ ಹೊಟ್ಟೆನೋವು, ಉಬ್ಬರ, ಏದುಸಿರು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ದಾದಿಯರಿಗೆ ತಕ್ಷಣ ತಿಳಿಸಿರಿ. ಮನೆಗೆ ಬಂದ ಮೇಲೆ ಕಂಡರೆ ಅದೇ ದಿನ, ರಾತ್ರಿಯಾಗಿದ್ದರೂ ಸರಿ, ಆಸ್ಪತ್ರೆಗೆ ಹಿಂದಿರುಗಿರಿ.

ನೇಕಾರರ ತಮ್ಮನಿಗೆ ಕೊನೆಗೆ ಅಂಟು ಬಳಸಲೇ ಇಲ್ಲ. ಜೋಡಣೆಯ ಅಂಚುಗಳಲ್ಲಿ ರಕ್ತಸಂಚಾರ ಚೆನ್ನಾಗಿದೆ, ಹೊಲಿಗೆಯೇ ಸಾಕು ಎಂದು ಶಸ್ತ್ರವೈದ್ಯರು ನಿರ್ಧರಿಸಿದರಂತೆ. ಹತ್ತನೆಯ ದಿನ ಅವರು ಮೊಳಕಾಲ್ಮೂರಿಗೆ ಮರಳಿದರು; ಮಗ್ಗಕ್ಕೆ ಕೂರಲು ಇನ್ನೂ ಕೆಲವು ವಾರ ತಡೆಯಿರೆಂದು ತಿಳಿಸಿದ್ದೇನೆ.