ಮುಪ್ಪಾದ ಹೃದಯ ಮತ್ತೆ ಚಿಗುರೀತೇ?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶತಮಾನಗಳ ವಯಸ್ಸು. ಎರಡು ಗುಡ್ಡಗಳ ನಡುವಿನ ಅದರ ಏರಿ ಎಲ್ಲಾದರೂ ಸಡಿಲಗೊಂಡರೆ ಕಲ್ಲು, ಮಣ್ಣು ತುಂಬಿ ಭದ್ರಪಡಿಸಬಹುದು. ಹೃದಯಾಘಾತವಾದ ಮೇಲೆ ನಮ್ಮ ಹೃದಯವೂ ಇಂಥದೇ ತೇಪೆ ಹಾಕಿಕೊಳ್ಳುತ್ತದೆ. ಸತ್ತ ಸ್ನಾಯುವಿನ ಜಾಗದಲ್ಲಿ ನಾರಿನಂಥ ಗಟ್ಟಿ ಕಲೆ ಬೆಳೆಯುತ್ತದೆ. ಏರಿ ನಿಂತರೆ ಸಾಕು. ಹೃದಯವಾದರೋ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯಬೇಕು, ಕಲೆ ಮಿಡಿಯುವುದಿಲ್ಲ.

ಹಾಗಾದರೆ ಹೊಸ ಸ್ನಾಯುಕೋಶಗಳು ಹುಟ್ಟುವುದೇ ಇಲ್ಲವೇ? ಹುಟ್ಟುತ್ತವೆ, ಬಲು ಜಿಪುಣತನದಿಂದ. ಅದನ್ನು ಅಳೆದ ಬಗೆ ಸ್ವಾರಸ್ಯಕರ. 1963ರ ಒಪ್ಪಂದಕ್ಕೆ ಮುನ್ನ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಏರಿತ್ತು. ಆಮೇಲೆ ವರ್ಷ ವರ್ಷವೂ ಇಳಿಯಿತು. ಆಹಾರದ ಮೂಲಕ ಅದು ಡಿಎನ್‌ಎ ಸೇರಿ, ಕೋಶ ಹುಟ್ಟಿದ ಕಾಲದ ಮುದ್ರೆ ಒತ್ತಿಬಿಡುತ್ತದೆ. ಸ್ವೀಡನ್ನಿನ ಯೋನಾಸ್ ಫ್ರಿಸೆನ್ ಅವರ ತಂಡ 2009ರಲ್ಲಿ ಈ ಮುದ್ರೆ ಓದಿತು. 25ರ ವಯಸ್ಸಿನಲ್ಲಿ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಶೇ 1ರಷ್ಟು ಹೊಸದಾಗುತ್ತವೆ. 75ರಲ್ಲಿ ಶೇ 0.45 ಮಾತ್ರ.

ಭಾರತದ ಹಳ್ಳ, ಗದ್ದೆಗಳಲ್ಲಿ ಸಿಗುವ ಬೆರಳುದ್ದದ ಜೀಬ್ರಾ ಮೀನು ನಮಗಿಂತ ಅದೃಷ್ಟಶಾಲಿ. ಅದರ ಹೃತ್ಕುಕ್ಷಿಯ ಐದನೆಯ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಬೆಳೆಯುತ್ತದೆಂದು 2002ರಲ್ಲಿ ತಿಳಿಯಿತು. ಆಗತಾನೆ ಹುಟ್ಟಿದ ಇಲಿಮರಿಗೂ ಈ ಶಕ್ತಿ ಉಂಟು. ಏಳು ದಿನ ಕಳೆದರೆ ಇಲ್ಲ!

ಹೃದಯದಲ್ಲೇ ಅಡಗಿರುವ ಮೂಲಕೋಶಗಳನ್ನು ಎಬ್ಬಿಸಿದರೆ ಹೇಗೆ ಎಂಬ ಆಸೆ ಹುಟ್ಟಿದ್ದು ಹೀಗೆ. ಆದರೆ ಮುಪ್ಪು ಇವನ್ನೂ ಬಿಟ್ಟಿಲ್ಲ. 70 ದಾಟಿದವರಲ್ಲಿ ಅರ್ಧಕ್ಕೂ ಹೆಚ್ಚು ಮೂಲಕೋಶಗಳು ವಿಭಜನೆ ನಿಲ್ಲಿಸಿರುತ್ತವೆ ಎಂದು 2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ವರದಿ ಮಾಡಿದರು. ಇವು ಸುಮ್ಮನೆ ಕೂರುವುದೂ ಇಲ್ಲ. ರಾಸಾಯನಿಕಗಳನ್ನು ಸ್ರವಿಸಿ ನೆರೆಯ ಕೋಶಗಳನ್ನೂ ಕೆಡಿಸುತ್ತವೆ. ಮುದಿ ಇಲಿಗಳಲ್ಲಿ ಔಷಧಿ ಕೊಟ್ಟು ಇವನ್ನು ತೊಲಗಿಸಿದಾಗ ಉಳಿದವು ಚುರುಕಾದವು. ಇಲಿಗಳಲ್ಲಿ, ನೆನಪಿರಲಿ.

ಈ ಕ್ಷೇತ್ರದಲ್ಲಿ ಎಚ್ಚರ ಬೇಕು. ಇಂಥ ಮೂಲಕೋಶಗಳಿಂದ ಹೃದಯದ ಸ್ನಾಯು ಹೇರಳವಾಗಿ ಬೆಳೆಯುತ್ತದೆಂದು ಸಾರಿದ್ದ ಪಿಯೆರೊ ಆನ್‌ವೆರ್ಸಾ ಅವರ ಪ್ರಯೋಗಾಲಯದ 31 ಪ್ರಬಂಧಗಳನ್ನು ಹಿಂಪಡೆಯಬೇಕೆಂದು ಹಾರ್ವರ್ಡ್ 2018ರಲ್ಲಿ ಕೇಳಿತು. ಇಲಿಗಳ ಮೇಲೆ ನಡೆದ ಬೇರೆ ಪ್ರಯೋಗಗಳಲ್ಲಿ ಈ ಕೋಶಗಳಿಂದ ಸ್ನಾಯು ಹುಟ್ಟಿದ್ದು ಅತ್ಯಲ್ಪ. ಹೊಸ ಸ್ನಾಯುವಿನ ಬಹುಪಾಲು ಹಳೆಯ ಸ್ನಾಯುಕೋಶಗಳೇ ಒಡೆದು ಬರುತ್ತದೆ ಎಂಬುದು ಈಗ ಹೆಚ್ಚಿನವರ ಮತ.

ಮನೆಯ ಹಿರಿಯರಿಗೆ ಹೃದಯಾಘಾತವಾದಾಗ ‘ಸ್ಟೆಮ್ ಸೆಲ್ ಚಿಕಿತ್ಸೆ’ಯ ಜಾಹೀರಾತು ಕಂಡು ಹೊಲ ಮಾರಲು ಹೊರಡುವ ಮೊದಲು ಇದು ತಿಳಿದಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ ಈ ಚಿಕಿತ್ಸೆಗೆ ಅವಕಾಶವಿರುವುದು ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ. ಅಂಥ ಪ್ರಯೋಗಕ್ಕೆ ಸೇರಿದವರಿಂದ ಹಣ ಕೇಳುವಂತಿಲ್ಲ.