ಬೆಳಗಾವಿಯಲ್ಲಿ ಹುಟ್ಟಿದ ಅಳತೆಯ ಚೀಲ

ಮೇಜಿನ ಮೇಲೆ ಹರಡಿದರೆ ಅದು ಬರೀ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಮೇಲಂಚಿನಲ್ಲಿ ಕಟ್ಟಿಕೊಳ್ಳಲು ಪಟ್ಟಿ, ಕೆಳಗೆ ಕಿರಿದಾಗುತ್ತಾ ಇಳಿಯುವ ಚೀಲ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಮಗು ಹುಟ್ಟಿದ ಕೂಡಲೇ ಇದನ್ನು ತಾಯಿಯ ಸೊಂಟದಡಿ ಸರಿಸಿ, ಪಟ್ಟಿಯನ್ನು ಹೊಟ್ಟೆಯ ಸುತ್ತ ಸಡಿಲವಾಗಿ ಕಟ್ಟುತ್ತಾರೆ. ಹೋಗುವ ರಕ್ತ ಚೀಲಕ್ಕೆ ಇಳಿಯುತ್ತದೆ. ಎಷ್ಟಾಯಿತೆಂದು ಗೆರೆ ನೋಡಿ ಬರೆದುಕೊಳ್ಳಬೇಕು. ಇದರ ಹೆಸರು ಬ್ರಾಸ್–ವಿ ಡ್ರೇಪ್. ಇದನ್ನು ರೂಪಿಸಿದ ಏಳು ಸಂಶೋಧಕರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಹಾಗೂ ಅಮೆರಿಕದ ಮಿಸೌರಿ–ಕಾನ್ಸಾಸ್ ಸಿಟಿ ಮತ್ತು ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯಗಳ ತಂಡ ಸೇರಿ ಇದನ್ನು ತಯಾರಿಸಿತು.

ವೈದ್ಯಕೀಯ ಸಂಶೋಧನೆ ಎಂದರೆ ನಮ್ಮ ಕಣ್ಣಮುಂದೆ ಬರುವುದು ಸೂಕ್ಷ್ಮದರ್ಶಕ, ಬಿಳಿ ಕೋಟು, ಕೋಟಿಗಟ್ಟಲೆ ಬೆಲೆಯ ಯಂತ್ರ. ಒಂದು ಹಾಳೆ, ಒಂದು ಮಾತ್ರೆ ಮತ್ತು ಹಳ್ಳಿಯ ಉಪಕೇಂದ್ರದ ಕೆಲವು ನರ್ಸುಗಳು ಸೇರಿ ಜಗತ್ತಿನ ಹೆರಿಗೆ ಕೋಣೆಗಳ ಪದ್ಧತಿಯನ್ನೇ ತಿದ್ದಲು ನೆರವಾದ ಕಥೆ ಬೆಳಗಾವಿಯದು. ಆ ಕಥೆಯ ಬೆನ್ನಿಗೆ ಇನ್ನೊಂದು ಕಥೆಯಿದೆ. ಸಂಶೋಧಕರಿಗೆ ಹಣ ಎಲ್ಲಿಂದ ಬರುತ್ತದೆ, ಅವರನ್ನು ಯಾರು ತಯಾರು ಮಾಡುತ್ತಾರೆ, ಅವರ ಲೆಕ್ಕಪತ್ರವನ್ನು ಯಾರು ಕಾಯುತ್ತಾರೆ ಎಂಬುದರ ಕಥೆ ಅದು. ಅದನ್ನು ಬರೆಯುವವರು ಕಡಿಮೆ.

ಹಾಳೆ ಯಾಕೆ ಬೇಕಾಯಿತು ಎನ್ನುವುದನ್ನು ನನಗೆ ಅರ್ಥ ಮಾಡಿಸಿದವರು ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ ನಿವೃತ್ತರಾದ ಒಬ್ಬ ನರ್ಸಕ್ಕ. ಬೆಳಗಾವಿಯ ಈ ಸಂಶೋಧನೆಗೂ ಅವರಿಗೂ ಸಂಬಂಧವಿಲ್ಲ. ಅವರು ಕಂಡದ್ದು ಅದಕ್ಕೂ ಹಿಂದಿನ ಕಾಲ. ಮನೆಯಲ್ಲೇ ಹೆರಿಗೆ, ಸಾರಿಸಿದ ನೆಲ, ಅದರ ಮೇಲೆ ಹಳೆಯ ಸೀರೆ, ಕಂದೀಲಿನ ಬೆಳಕು. "ಕೂಸು ಬಂತು, ಕಸ ಬಿತ್ತು. ರಗತ ಎಷ್ಟ್ ಹೋತು ಅಂದ್ರ ಏನ್ ಹೇಳೂದ್ರಿ? ಸೀರಿ ನೋಡಿ ಒಂದ್ ಅಂದಾಜು ಬರೀತಿದ್ವಿ" ಎಂದರು. ನೆಲ ಕುಡಿದದ್ದು, ಬಟ್ಟೆ ಹೀರಿದ್ದು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಮೊದಲೇ ರಕ್ತ ಕಡಿಮೆಯಿರುವ ಬಾಣಂತಿಗೆ ಆ ಲೆಕ್ಕ ತಪ್ಪುವುದೆಂದರೆ ಜೀವವೇ ತಪ್ಪುವುದು. ಹಾಳೆಯ ಚಿತ್ರ ತೋರಿಸಿದಾಗ ಅವರು ಗೆರೆಗಳ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ನೋಡಿದರು. "ಆವಾಗ ಇದ್ದಿದ್ರ ಚಲೋ ಇತ್ರಿ" ಎಂದಷ್ಟೇ ಹೇಳಿದರು.

ಅವರ ಮಾತಿಗೆ ಅಂಕಿಯ ಆಧಾರವಿದೆ. ಹೆರಿಗೆಯ ನಂತರ 500 ಮಿಲಿಲೀಟರ್‌ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎಂದು ಎಣಿಸುತ್ತಾ ಬಂದಿದ್ದಾರೆ. ಸಾವಿರ ದಾಟಿದರೆ ತೀವ್ರ. ಕಣ್ಣಂದಾಜನ್ನೂ ಡ್ರೇಪಿನ ಅಳತೆಯನ್ನೂ ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕಣ್ಣಂದಾಜು ನಿಜವಾದ ನಷ್ಟವನ್ನು ಸುಮಾರು ಮೂರನೆಯ ಒಂದರಷ್ಟು ಕಡಿಮೆ ತೋರಿಸುತ್ತದೆ ಎಂದು ಅದರಿಂದ ತಿಳಿಯಿತು. ಅದು ಬರೀ ಹಳ್ಳಿಮನೆಯ ಕತ್ತಲಿನ ದೋಷವಲ್ಲ. ಕಣ್ಣಿನ ಮಿತಿಯೇ ಅಷ್ಟು.

ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬೆಳಗಾವಿಯ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹೆರಿಗೆಯ ನಂತರದ ರಕ್ತ ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಒಳ್ಳೆಯದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರು ಬೇಕು. ಕರೆಂಟೇ ನೆಟ್ಟಗಿರದ ಊರಿನಲ್ಲಿ ಏನು ಮಾಡುವುದು? ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಆ ಕೆಲಸ ಮಾಡಬಲ್ಲುದೇ ಎಂದು ನೋಡಬೇಕಿತ್ತು. 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಗ್ರಾಮೀಣ ಬೆಳಗಾವಿಯ 1,620 ತಾಯಂದಿರು ಅಧ್ಯಯನದಲ್ಲಿ ಸೇರಿದರು. 812 ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ಹುಸಿ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ಕೊಟ್ಟ ನರ್ಸಿಗೂ ತಿಳಿಯದು, ತೆಗೆದುಕೊಂಡ ತಾಯಿಗೂ ತಿಳಿಯದು.

ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಮುಂದಿನ ಸಂಗತಿ. ಹೆರಿಗೆ ಮಾಡಿಸಿದ್ದು, ಮಾತ್ರೆ ಕೊಟ್ಟದ್ದು, ಡ್ರೇಪ್ ಕಟ್ಟಿ ರಕ್ತ ಅಳೆದದ್ದು, ಅದನ್ನು ಬರೆದಿಟ್ಟದ್ದು ಎಲ್ಲವನ್ನೂ ಮಾಡಿದವರು 25 ಮಂದಿ ಎಎನ್‌ಎಂಗಳು. ನಾವು ಲಸಿಕೆಯ ದಿನ ಕಾಣುವ, ಉಪಕೇಂದ್ರದ ಕಿರಿಯ ಆರೋಗ್ಯ ಸಹಾಯಕಿಯರು. ಪರಿಣಾಮ ಸ್ಪಷ್ಟವಾಗಿತ್ತು. ರಕ್ತಸ್ರಾವದ ಪ್ರಮಾಣ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿಯಿತು. 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ. ಮಾತ್ರೆ ತೆಗೆದುಕೊಂಡವರಲ್ಲಿ ಸ್ವಲ್ಪ ಹೊತ್ತಿನ ನಡುಕ, ಜ್ವರ ಹೆಚ್ಚು ಕಂಡವು. ಅದನ್ನೂ ಅವರೇ ಬರೆದಿಟ್ಟರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇನ್ನು ಬೆಳಗಾವಿಯ ಆ ಕಾಲೇಜಿನ ಇತಿಹಾಸ. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆಎಲ್‌ಇ ಸಂಸ್ಥೆ 1963ರಲ್ಲಿ ಈ ವೈದ್ಯಕೀಯ ಕಾಲೇಜನ್ನು ತೆರೆಯಿತು. ಈ ಶತಮಾನದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ, ಗೇಟ್ಸ್ ಪ್ರತಿಷ್ಠಾನದ ಜತೆ ಸೇರಿ ಮಹಿಳೆಯರ ಮತ್ತು ಮಕ್ಕಳ ಆರೋಗ್ಯ ಸಂಶೋಧನೆಗಾಗಿ 'ಗ್ಲೋಬಲ್ ನೆಟ್‌ವರ್ಕ್' ಕಟ್ಟಿತು. ಬೆಳಗಾವಿ ಅದರ ಒಂದು ಕೇಂದ್ರವಾಯಿತು. ನಾಗಪುರ, ಪಾಕಿಸ್ತಾನ, ಗ್ವಾಟೆಮಾಲಾ, ಕೆನ್ಯಾ, ಜಾಂಬಿಯಾ, ಕಾಂಗೋಗಳಲ್ಲೂ ಕೇಂದ್ರಗಳು ನಡೆದವು.

ಈ ಜಾಲದ ಹಣಕಾಸಿನ ವ್ಯವಸ್ಥೆಯಲ್ಲಿ ಒಂದು ಒಳ್ಳೆಯ ಗುಣವಿದೆ. ಪ್ರತಿ ಕೇಂದ್ರಕ್ಕೂ ಇಬ್ಬರು ಹಿರಿಯ ಸಂಶೋಧಕರು, ಒಬ್ಬರು ಅಮೆರಿಕದವರು, ಒಬ್ಬರು ಆ ನೆಲದವರು. ಅರ್ಜಿ ಬರೆಯುವುದು, ಪ್ರಶ್ನೆ ಆರಿಸುವುದು, ಫಲಿತಾಂಶ ಪ್ರಕಟಿಸುವುದು ಎಲ್ಲದರಲ್ಲೂ ಇಬ್ಬರಿಗೂ ಪಾಲಿದೆ. ಒಮ್ಮೆ ಬಂದ ಹಣ ಕಾಯಂ ಅಲ್ಲ, ಅವಧಿ ಮುಗಿದಾಗ ಮತ್ತೆ ಸ್ಪರ್ಧಿಸಿ ಪಡೆಯಬೇಕು. ಮಾಹಿತಿಯ ಲೆಕ್ಕ ಕಾಯಲು ಅಮೆರಿಕದ ನಾರ್ತ್ ಕೆರೋಲಿನಾದಲ್ಲಿ ಪ್ರತ್ಯೇಕ ಸಂಸ್ಥೆಯಿದೆ. ಪ್ರಯೋಗದ ನಡುವೆ ಯಾರಿಗಾದರೂ ಅಪಾಯವಾಗುತ್ತಿದೆಯೇ ಎಂದು ನೋಡಲು ಹೊರಗಿನ ತಜ್ಞರ ಮಂಡಳಿಯಿರುತ್ತದೆ. ತಪ್ಪು ಕಂಡರೆ ಕೆಲಸ ನಿಲ್ಲಿಸುವ ಮಾತನ್ನು ಅದು ಹೇಳಬಲ್ಲುದು.

ಹಣ ಹೋಗುವುದು ಎಲ್ಲಿಗೆ? ಬಹುಪಾಲು ಜನರಿಗೆ. ಹಳ್ಳಿ ಸುತ್ತುವ ಮೇಲ್ವಿಚಾರಕರ ಸಂಬಳ, ಬೈಕಿನ ಪೆಟ್ರೋಲು, ತೂಕದ ಯಂತ್ರ, ತರಬೇತಿ, ಅರ್ಜಿ ನಮೂನೆಗಳ ಅನುವಾದ. ಒಪ್ಪಿಗೆ ಪತ್ರದ ಕೆಲಸವೇ ಸಾಕಷ್ಟು ದೊಡ್ಡದು. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿಯ ಭಾಷೆಗೆ ತರಬೇಕು. ಮತ್ತೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತಂದು ಅರ್ಥ ಕೆಟ್ಟಿಲ್ಲವೆಂದು ನೋಡಬೇಕು. ಓದು ಬಾರದ ತಾಯಿಗೆ ಸಾಕ್ಷಿಯ ಮುಂದೆ ಓದಿ ಹೇಳಬೇಕು. 'ನಿಮಗೆ ಸಿಗುವುದು ಔಷಧವೇ ಇರಬಹುದು, ಔಷಧವಿಲ್ಲದ ಮಾತ್ರೆಯೂ ಇರಬಹುದು. ಬೇಡವೆಂದರೆ ನಿಮ್ಮ ಉಪಚಾರಕ್ಕೆ ಏನೂ ಕೊರತೆಯಾಗದು' ಎಂಬುದನ್ನು ಅತ್ತೆ, ಗಂಡ, ನೆರೆಯವರು ಕೂತಿರುವ ಪಡಸಾಲೆಯಲ್ಲಿ ತಿಳಿಸಿ ಹೇಳುವುದು ಸುಲಭದ ವಿದ್ಯೆಯಲ್ಲ. ಅದನ್ನು ಕಲಿಸಬೇಕು, ಮತ್ತೆ ಮತ್ತೆ ಕಲಿಸಬೇಕು. ಯಾವ ಪ್ರಬಂಧದ ಶೀರ್ಷಿಕೆಯಲ್ಲೂ ಕಾಣದ ತರಬೇತಿ ಇದು.

ಇನ್ನೊಂದು ಕೆಲಸ ನೋಂದಣಿ. ವರ್ಷಕ್ಕೆ ಸುಮಾರು 300ರಿಂದ 500 ಹೆರಿಗೆಗಳಾಗುವಂತೆ ಹಳ್ಳಿಗಳನ್ನು ಗುಂಪು ಮಾಡಿಕೊಂಡು, ಆ ಗುಂಪಿನ ಪ್ರತಿ ಗರ್ಭಿಣಿಯನ್ನೂ ಹೆರಿಗೆಯಾದ 42ನೆಯ ದಿನದವರೆಗೆ ಹಿಂಬಾಲಿಸಿ ದಾಖಲಿಸುತ್ತಾರೆ. ತವರಿಗೆ ಹೋದವಳನ್ನೂ ಹುಡುಕಬೇಕು. ಮಗು ಉಳಿಯದ ಮನೆಗೂ ಹೋಗಿ ಕೇಳಬೇಕು. ಇಂಥ ದಾಖಲೆ ಇರುವುದರಿಂದಲೇ ಹೊಸ ಉಪಾಯವೊಂದು ಫಲ ಕೊಟ್ಟಿತೋ ಇಲ್ಲವೋ ಎಂದು ಧೈರ್ಯವಾಗಿ ಹೇಳಲು ಸಾಧ್ಯ. ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಉಸಿರು ಹಿಡಿಸುವ ಕಲೆಯನ್ನು ಬೆಳಗಾವಿಯಲ್ಲಿ 599 ಹೆರಿಗೆ ಸಿಬ್ಬಂದಿಗೆ ಕಲಿಸಿದಾಗ, ಸತ್ತು ಹುಟ್ಟಿದವೆಂದು ದಾಖಲಾಗುವ ಶಿಶುಗಳ ಪ್ರಮಾಣ ನೂರಕ್ಕೆ 3.0ರಿಂದ 2.3ಕ್ಕೆ ಇಳಿಯಿತು. ಆದರೆ ನವಜಾತ ಶಿಶುಗಳ ಮರಣ ಇಳಿಯಲಿಲ್ಲ. ಸಂಶೋಧಕರು 2013ರಲ್ಲಿ ಎರಡನ್ನೂ ಒಟ್ಟಿಗೇ ಪ್ರಕಟಿಸಿದರು. ಗೆದ್ದದ್ದನ್ನು ಮಾತ್ರ ಹೇಳಿ ಸೋತದ್ದನ್ನು ಮುಚ್ಚಿಡದಂತೆ ಕಾಯುವುದೇ ಒಳ್ಳೆಯ ವ್ಯವಸ್ಥೆಯ ಗುರುತು.

ಆಮೇಲಿನ ಕೆಲಸಗಳೂ ಚಿಕ್ಕವಲ್ಲ. ಕಡಿಮೆ ಪ್ರಮಾಣದ ಆಸ್ಪಿರಿನ್ ಅಕಾಲಿಕ ಹೆರಿಗೆಯನ್ನು ತಡೆಯುತ್ತದೆಯೇ ಎಂದು ಆರು ದೇಶಗಳ 11,976 ತಾಯಂದಿರಲ್ಲಿ ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಳಗಾವಿಯಿತ್ತು. ಹೆರಿಗೆ ಸಮಯದಲ್ಲಿ ಕೊಡುವ ಅಜಿಥ್ರೋಮೈಸಿನ್ ತಾಯಿಗೆ ನಂಜಾಗುವುದನ್ನು ಕಡಿಮೆ ಮಾಡುತ್ತದೆಂದು 29,278 ತಾಯಂದಿರಲ್ಲಿ ತೋರಿಸಿದ 2023ರ ಅಧ್ಯಯನದಲ್ಲೂ ಇತ್ತು. ಅದೇ 2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಗೆರೆ ಹಾಕಿದ ಡ್ರೇಪ್ ಬಳಸಿ, ರಕ್ತ ಹೆಚ್ಚಾದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡುವ ಪ್ರಯೋಗದ ಫಲಿತಾಂಶ ಬಂತು. ಹಳೆಯ ಪದ್ಧತಿಯಲ್ಲಿ ರಕ್ತಸ್ರಾವದ ಪ್ರಕರಣಗಳಲ್ಲಿ ಅರ್ಧದಷ್ಟು ಮಾತ್ರ ಗುರುತಿಗೆ ಸಿಗುತ್ತಿದ್ದವು. ಹೊಸ ಪದ್ಧತಿಯಲ್ಲಿ ನೂರಕ್ಕೆ 93 ಸಿಕ್ಕವು. ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು ಇವನ್ನು ಕೂಡಿಸಿ ನೋಡಿದರೆ ನೂರಕ್ಕೆ 60ರಷ್ಟು ಇಳಿಕೆ. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿತು. 500ರವರೆಗೆ ಕಾಯಬೇಡಿ, ನಾಡಿ–ರಕ್ತದೊತ್ತಡ ಏರುಪೇರಾಗಿದ್ದರೆ 300 ಮಿಲಿಲೀಟರಿಗೇ ಎಚ್ಚೆತ್ತುಕೊಳ್ಳಿ, ಡ್ರೇಪಿನಂಥ ಸಾಧನದಿಂದ ಅಳೆಯಿರಿ ಎಂದಿತು.

ನಮ್ಮ ದೇಶದೊಳಗೂ ಸಂಶೋಧಕರಿಗೆ ಏಣಿಗಳಿವೆ. 1911ರಲ್ಲಿ ಶುರುವಾಗಿ 1949ರಲ್ಲಿ ಈಗಿನ ಹೆಸರು ಪಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ವೇತನ ಕೊಡುತ್ತಿದೆ. ಚೆನ್ನೈನಲ್ಲಿರುವ ಅದರ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಸಂಶೋಧನೆಯ ಮೂಲಪಾಠಗಳನ್ನು ಆನ್‌ಲೈನ್‌ನಲ್ಲಿ ಕಲಿಸುತ್ತದೆ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳಿಗೆ ಅದು ಕಡ್ಡಾಯ. ಮನುಷ್ಯರ ಮೇಲಿನ ಪ್ರಯೋಗಗಳನ್ನು ನೋಂದಾಯಿಸಲು 2007ರಿಂದ ರಾಷ್ಟ್ರೀಯ ನೋಂದಣಿ ಇದೆ. ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ, ಹೈದರಾಬಾದಿನ ಇಂಡಿಯಾ ಅಲಯನ್ಸ್ ಯುವ ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತದೆ. ಅದರ ಮೂರನೆಯ ಹಂತಕ್ಕೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 1,500 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಸಾವಿರ ಕೋಟಿ ನಮ್ಮ ಸರ್ಕಾರದ್ದು.

ಆದರೂ ಕಳವಳವಿದೆ. ಹಳ್ಳಿಯ ಮಟ್ಟದ, ವರ್ಷಗಟ್ಟಲೆ ನಡೆಯಬೇಕಾದ ಇಂಥ ಕೆಲಸ ದೊಡ್ಡ ಮಟ್ಟದಲ್ಲಿ ಹೊರದೇಶದ ಹಣವನ್ನೇ ನೆಚ್ಚಿಕೊಂಡು ಬಂದಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಹೊಸ ವ್ಯವಸ್ಥೆ ಬರುವವರೆಗೆ ತಮ್ಮ ಅನುದಾನದಿಂದ ವಿದೇಶಿ ಸಂಸ್ಥೆಗಳಿಗೆ ಪಾಲು ಹಂಚುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿದವು. ಅಲ್ಲಿಯ ಒಂದು ಸುತ್ತೋಲೆಯಿಂದ ಇಲ್ಲಿ ತೂಕದ ಯಂತ್ರ ಹೊತ್ತು ತಿರುಗುವವರ ಕೆಲಸ ತೂಗಾಡುತ್ತದೆ. ಭಾರತ ಎಲ್ಲ ಬಗೆಯ ಸಂಶೋಧನೆಗೂ ಸೇರಿ ಖರ್ಚು ಮಾಡುವುದು ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ. ನಮ್ಮ ತಾಯಂದಿರ ರಕ್ತದ ಲೆಕ್ಕಕ್ಕೆ ನಮ್ಮದೇ ಹಣ ಮೊದಲು ಬರಬೇಕು. ಪರರ ನೆರವು ಅದರ ಮೇಲೆ ಸೇರಿದರೆ ಸಂತೋಷ.

ಹಣವೊಂದೇ ಸಾಲದು. ಕಟ್ಟಡಕ್ಕೆ, ಯಂತ್ರಕ್ಕೆ ಹಣ ಕೊಡುವುದು ಸುಲಭ, ಉದ್ಘಾಟನೆ ಮಾಡಿ ಫೋಟೋ ಹಾಕಬಹುದು. ಒಪ್ಪಿಗೆ ಪತ್ರ ಓದಿ ಹೇಳುವವಳ ಸಂಬಳಕ್ಕೆ, ದಾಖಲೆಯನ್ನು ಎರಡು ಸಲ ತಾಳೆ ನೋಡುವವನ ಸಂಬಳಕ್ಕೆ, ತಾಲ್ಲೂಕು ಆಸ್ಪತ್ರೆಯ ವೈದ್ಯನಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವರ ಸಂಬಳಕ್ಕೆ ಹಣ ಕೊಡಲು ತಾಳ್ಮೆ ಬೇಕು. ಆ ತಂಡವನ್ನು ಕಟ್ಟಲು ಎಷ್ಟೋ ವರ್ಷ ಹಿಡಿಯುತ್ತದೆ. ಒಂದು ಅನುದಾನ ಮುಗಿದು ಇನ್ನೊಂದು ಬರುವುದರೊಳಗೆ ಅದು ಚದುರಿಹೋಗಬಹುದು. ಚದುರಿದ ಮೇಲೆ ಅದೇ ನೈಪುಣ್ಯವನ್ನು ಮತ್ತೆ ಮೊದಲಿನಿಂದ ಕಲಿಸಬೇಕು.

ಅಥಣಿಯಲ್ಲೋ ಖಾನಾಪುರದಲ್ಲೋ ಇವತ್ತೂ ಒಬ್ಬ ಯುವ ವೈದ್ಯೆ, ಒಬ್ಬ ಎಎನ್‌ಎಂ, ದಿನವೂ ಕಾಣುವ ಒಂದು ತೊಂದರೆಯ ಬಗ್ಗೆ 'ಇದು ಹೀಗೇ ಯಾಕೆ ಆಗಬೇಕು?' ಎಂದು ಯೋಚಿಸುತ್ತಿರಬಹುದು. ಆ ಪ್ರಶ್ನೆಯಲ್ಲಿ ಇನ್ನೊಂದು ಡ್ರೇಪ್ ಅಡಗಿರಬಹುದು. ಯಾವ ಬಾಗಿಲು ತಟ್ಟಬೇಕೆಂದು ಅವರಿಗೆ ಹೇಳುವವರು ಇದ್ದರೆ ಅದು ಬೆಳೆಯುತ್ತದೆ. ಇಲ್ಲದಿದ್ದರೆ ಎಷ್ಟೋ ಪ್ರಶ್ನೆಗಳಂತೆ ಅದೂ ನೌಕರಿಯ ನಡುವೆ ಸವೆದು, ಅವರ ನಿವೃತ್ತಿಯ ಜತೆಗೇ ಮುಗಿದುಹೋಗುತ್ತದೆ. ಹಾಗೆ ಮುಗಿದವು ಎಷ್ಟೆಂದು ಯಾವ ನೋಂದಣಿಯೂ ಬರೆದಿಟ್ಟಿಲ್ಲ.